ಗಾಳಿ ಯಾವಾಗ ಬರುತ್ತೆ ಕಣಮ್ಮ?

ಬೆಳಿಗ್ಗೆ ಎದ್ದು ಅಡುಗೆಮನೆ ನಲ್ಲಿ ತಿರುಗಿಸಿದರೆ ಮೊದಲು ಒಳ್ಳೆ ನೀರು. ಅರ್ಧ ಪಾತ್ರೆ ತುಂಬುವಷ್ಟರಲ್ಲಿ ಹಿತ್ತಿಲ ಪಂಪಿನ ಕೋಣೆಯಿಂದ ‘ಧಡ್’ ಅಂತ ಒಂದು ಸದ್ದು. ಅದಾಗಿ ಸ್ವಲ್ಪ ಹೊತ್ತಿಗೆ ನಲ್ಲಿಗೆ ಉಸಿರು ಕಟ್ಟುತ್ತದೆ, ಬುಸ್ ಅನ್ನುತ್ತದೆ, ಫಟ್ ಫಟ್ ಅಂತ ನಾಲ್ಕು ಸಲ ಕೆಮ್ಮಿ ಡಿಕಾಕ್ಷನ್ನಿಗೆ ಹಿಡಿದ ನೀರನ್ನು ಗೋಡೆಗೆ ಚೆಲ್ಲುತ್ತದೆ. ಆಮೇಲೆ ಏನೂ ಆಗದ ಹಾಗೆ ಸುರಿಯುತ್ತದೆ. ಹೋದ ಬೇಸಿಗೆಯಲ್ಲಿ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಇದೇ ಆಯಿತು.

ನಮ್ಮ ಮನೆ ಇರುವುದು ಆಸ್ಟಿನ್ನಿನ ಪಶ್ಚಿಮಕ್ಕೆ, ಹೇಸ್ ಕೌಂಟಿಯ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಊರಾಚೆ. ಸುಣ್ಣಕಲ್ಲಿನ ಗುಡ್ಡ, ಜೂನಿಪರ್ ಮರ, ಬೆಳಗಾದರೆ ಬೇಲಿ ಹಾರುವ ಜಿಂಕೆಗಳು. ನಗರದ ನೀರಿನ ಪೈಪು ನಮ್ಮ ರಸ್ತೆಗೆ ಬಂದಿಲ್ಲ. ಪ್ರತಿ ಮನೆಗೂ ಸ್ವಂತ ಕೊಳವೆ ಬಾವಿ. ಬೇಲಿಯಾಚೆ ಮನೆಯೂ ಕನ್ನಡದ ಹುಡುಗನೊಬ್ಬನದೇ. ಆ ಹುಡುಗನ ತಂದೆ ಚಿಂತಾಮಣಿ ಕಡೆಯ ರೈತರು, ಆರು ತಿಂಗಳಿಗೆ ಬಂದಿದ್ದರು. ನಾವೆಲ್ಲ ಗೌಡ್ರು ಅಂತಲೇ ಕರೆಯುವುದು. ತಲೆಗೆ ಟವೆಲು ಸುತ್ತಿಕೊಂಡು ಬೆಳಿಗ್ಗೆ ಬೇಲಿಯ ಗುಂಟ ಓಡಾಡುವುದು ಅವರ ಅಭ್ಯಾಸ.

‘ಏನಮ್ಮ, ದಿನಾ ಬೆಳಿಗ್ಗೆ ನಿಮ್ಮನೇಲಿ ಯಾರೋ ಬಾಗಿಲು ಒದ್ದಂಗೆ ಸದ್ದಾಯ್ತದೆ?’ ಅಂತ ಅವರೇ ಕೇಳಿದರು.

‘ಪಂಪು ಗೌಡ್ರೇ. ಪೈಪಿಗೆ ಗಾಳಿ ಹಿಡಿದಿದೆ.’

ಗಾಳಿ ಹಿಡಿದಿದೆ ಅನ್ನುವ ಮಾತು ನನ್ನ ಬಾಯಿಗೆ ತಾನಾಗಿ ಬಂದಿತ್ತು. ನಾನು ಸಾಗರದ ಕಡೆಯವಳು. ತೋಟದ ಮೇಲಿನ ಗುಡ್ಡದ ಅಬ್ಬಿಯಿಂದ ನಮ್ಮ ಮನೆಗೆ ನೀರು. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿತ್ತು, ನನಗೆ ಬುದ್ಧಿ ಬರುವ ಹೊತ್ತಿಗೆ ಕರಿ ಪೈಪು ಬಂದಿತ್ತು. ದಬ್ಬೆಗೆ ಗಾಳಿಯ ಹಂಗಿಲ್ಲ, ಅದು ಬಾಯಿ ತೆರೆದೇ ಇರುತ್ತದೆ. ಪೈಪು ಹಾಗಲ್ಲ. ಗುಡ್ಡದ ಏರುತಗ್ಗಿನಲ್ಲಿ ಅದು ಎಲ್ಲಿ ಡುಬ್ಬ ಎದ್ದಿದೆಯೋ ಅಲ್ಲಿ ಗಾಳಿ ಹೋಗಿ ಕೂರುತ್ತದೆ. ಮೇಲಿನಿಂದ ಬರುವ ನೀರಿಗೆ ಅದನ್ನು ತಳ್ಳುವ ಶಕ್ತಿಯಿಲ್ಲ, ಇತ್ತ ಬಚ್ಚಲ ಹಂಡೆಗೆ ಹನಿಯೂ ಇಲ್ಲ. ಆಗ ಅಪ್ಪಯ್ಯ ಪೈಪಿನ ಜಾಡು ಹಿಡಿದು ಗುಡ್ಡ ಹತ್ತುತ್ತಿದ್ದರು, ಹಿಂದೆ ನಾನು. ಡುಬ್ಬ ಸಿಕ್ಕಿದ ಕಡೆ ಕಾಸಿದ ಮೊಳೆಯಿಂದ ಒಂದು ತೂತು. ಸುಯ್ ಅಂತ ಗಾಳಿ ಹೋಗಿ ನೀರಿನ ಎಳೆ ಚಿಮ್ಮುತ್ತಿತ್ತು. ತೂತಿಗೊಂದು ಕಡ್ಡಿ ಜಡಿದು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ರಿಪೇರಿ ಮುಗಿಯಿತು. ಗಾಳಿ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ: ಎಲ್ಲೋ ಕೂತಿದೆ, ಬಿಡಿಸಬೇಕು.

ಗೌಡ್ರಿಗೆ ಆ ಮಾತು ಅಪಶಕುನದಂತೆ ಕೇಳಿಸಿತು. ‘ಹಿಡಿದಿರೋದಲ್ಲ ತಾಯಿ, ಕಕ್ಕುತಾ ಇದೆ. ನಮ್ಮ ಕಡೆ ಬೋರು ಸಾಯೋಕೆ ಮುಂಚೆ ಹಿಂಗೇ ಗಾಳಿ ಕಕ್ಕೋದು. ಏಳು ಬೋರು ಹಾಕ್ಸಿದೀನಿ ನಾನು. ಕೊನೇದು ಸಾವಿರದ ನಾನೂರು ಅಡಿ. ಒಂದು ಗಂಟೆ ಚೆನ್ನಾಗಿ ಹೊಡೀತದೆ, ಆಮೇಲೆ ಬಿಟ್ಟು ಬಿಟ್ಟು ಬರ್ತದೆ. ಮೋಟ್ರು ನಿಲ್ಸಿ ಎರಡು ಗಂಟೆ ಸುಮ್ಮನಿದ್ರೆ ಮತ್ತೆ ಕೂಡ್ಕಂಡಿರ್ತದೆ. ಹಂಗೆ ಎರಡು ಬ್ಯಾಸಗೆ ಕಳೀತದೆ. ಮೂರನೇ ಬ್ಯಾಸಗೆಗೆ ಬರೀ ದೂಳು.’

ಇಷ್ಟು ಹೇಳಿ ಬೇಲಿಯ ಕಂಬದ ಮೇಲೆ ಕೈಯೂರಿ ಸುಮ್ಮನೆ ನಿಂತರು. ಆಮೇಲೆ ಕೇಳಿದ ಪ್ರಶ್ನೆಯೇ ಈ ಬರಹದ ತಲೆಬರಹ. ‘ಅದಿರ್ಲಿ, ಗಾಳಿ ಯಾವಾಗ ಬರುತ್ತೆ ಕಣಮ್ಮ? ಮೊದಲಲ್ಲೋ, ಕೊನೇಲೋ?’

‘ಮೊದಲಲ್ಲೇ. ಧಡ್ ಅಂದ ಕೂಡಲೇ. ಮಧ್ಯಾಹ್ನ ಗಿಡಗಳಿಗೆ ಒಂದು ಗಂಟೆ ನೀರು ಬಿಟ್ಟರೂ ಕೊನೆಯಲ್ಲಿ ಗಾಳಿ ಇರೋದಿಲ್ಲ.’

‘ಹಂಗಾದ್ರೆ ಇದು ಸಾಯೋ ಬೋರಿನ ಗಾಳಿ ಅಲ್ಲ.’

ಆ ಒಂದು ಪ್ರಶ್ನೆಗೆ ಎಷ್ಟು ಬೆಲೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದಕ್ಕೂ ಒಂದು ವಾರ ಮೊದಲು ಪಂಪಿನವರೊಬ್ಬರು ಬಂದು, ಹತ್ತು ನಿಮಿಷ ನಿಂತು, ಪಂಪು ಸಣ್ಣದಾಯಿತು, ಒಂದೂವರೆ ಎಚ್‌ಪಿಯದು ಹಾಕಿಸಿ ಅಂತ ಅಂದಾಜುಪಟ್ಟಿ ಕೊಟ್ಟು ಹೋಗಿದ್ದರು. ಗಾಳಿ ಯಾವ ಹೊತ್ತಿಗೆ ಬರುತ್ತದೆ ಅಂತ ಅವರು ಕೇಳಲೇ ಇಲ್ಲ. ನೀರು ಕಡಿಮೆಯಾದ ಬಾವಿಗೆ ದೊಡ್ಡ ಪಂಪು ಇಳಿಸಿದರೆ ಅದು ಇನ್ನೂ ಬೇಗ ತಳ ಕಾಣಿಸುತ್ತದೆ, ಇನ್ನೂ ಬೇಗ ಗಾಳಿ ಕುಡಿಯುತ್ತದೆ. ನೀರು ತಾಕದೆ ಓಡಿದ ಮೋಟರು ಕಾದು ಸುಟ್ಟುಹೋಗುತ್ತದೆ. ಅಂಥ ಬಾವಿಗೆ ಬೇಕಾದದ್ದು ಹರಿವನ್ನು ತಗ್ಗಿಸುವುದು, ನೀರು ಕೂಡಿಕೊಳ್ಳಲು ಬಿಡುವು ಕೊಡುವುದು, ಇಲ್ಲವೇ ಬಾವಿಯಲ್ಲಿ ಇನ್ನೂ ಆಳವಿದ್ದರೆ ಪಂಪನ್ನು ಕೆಳಗಿಳಿಸುವುದು. ನಮ್ಮದು ಅಂಥ ಬಾವಿಯಾಗಿರಲಿ ಬಿಡಲಿ, ಆ ಅಂದಾಜುಪಟ್ಟಿ ಎರಡಕ್ಕೂ ತಪ್ಪು ಔಷಧಿ.

ಊರಿನ ಮನೆಗೂ ಇಲ್ಲಿನ ಮನೆಗೂ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ಬೆಂಗಳೂರಿನಲ್ಲಿ ಬೋರಿನ ನೀರು ತಾರಸಿಯ ಟ್ಯಾಂಕಿಗೆ ಹೋಗಿ ಬೀಳುತ್ತದೆ. ಬೋರು ಎಷ್ಟೇ ಗಾಳಿ ಕಕ್ಕಿದರೂ ಅದು ಟ್ಯಾಂಕಿನ ಮೇಲೇ ಹಾರಿಹೋಗುತ್ತದೆ, ಕೆಳಗಿನ ನಲ್ಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಟೆಕ್ಸಾಸಿನಲ್ಲಿ ತಾರಸಿಯೂ ಇಲ್ಲ, ಟ್ಯಾಂಕೂ ಇಲ್ಲ. ಬಾವಿಯಿಂದ ಬಂದ ನೀರು ಪ್ರೆಶರ್ ಟ್ಯಾಂಕ್ ಅನ್ನುವ ಮುಚ್ಚಿದ ಹಂಡೆಗೆ ಹೋಗುತ್ತದೆ. ಅದರೊಳಗೆ ರಬ್ಬರಿನ ಚೀಲ, ಒಂದು ಬದಿ ನೀರು, ಇನ್ನೊಂದು ಬದಿ ಒತ್ತಿ ತುಂಬಿದ ಗಾಳಿ. ಒತ್ತಡ 40 ಪಿಎಸ್‌ಐಗೆ ಇಳಿದರೆ ಪಂಪು ಶುರು, 60ಕ್ಕೆ ಏರಿದರೆ ಬಂದ್. 60 ಪಿಎಸ್‌ಐ ಅಂದರೆ 138 ಅಡಿ ಎತ್ತರದಲ್ಲಿ ಟ್ಯಾಂಕು ಕಟ್ಟಿದಷ್ಟು ಬಲ. ಅಪ್ಪಯ್ಯನ ಪೈಪಿನಂತೆ ಗಾಳಿ ಡುಬ್ಬದಲ್ಲಿ ಕೂರುವುದು ಇಲ್ಲಿ ಕಷ್ಟ. ಒಳಗೆ ಬಂದ ಗಾಳಿಯನ್ನೆಲ್ಲ ನೀರು ತಳ್ಳಿ ತಂದು ನಲ್ಲಿಯ ಬಾಯಲ್ಲೇ ಬಿಡುತ್ತದೆ. ಹಾಗಾಗಿ ನನ್ನ ಮೊಳೆ ವಿದ್ಯೆಗೆ ಇಲ್ಲಿ ಕೆಲಸವಿಲ್ಲ. ಗಾಳಿ ದಿನವೂ ಬರುತ್ತಿದೆಯೆಂದರೆ ದಿನವೂ ಎಲ್ಲಿಂದಲೋ ಹೊಸದಾಗಿ ಒಳಗೆ ಸೇರುತ್ತಿದೆ ಎಂದೇ ಅರ್ಥ.

ಆ ಭಾನುವಾರ ಹ್ಯೂಸ್ಟನ್ನಿನ ಭಾವನಿಗೆ ಫೋನು ಮಾಡಿದೆ. ಅಕ್ಕ ಭಾವ ಇರುವುದು ಹ್ಯೂಸ್ಟನ್ನಿನ ವಾಯವ್ಯಕ್ಕೆ, ಟಾಮ್‌ಬಾಲ್ ಕಡೆಯ ಹಳೇ ಮನೆಯಲ್ಲಿ. ಅವರಿಗೂ ಬಾವಿಯೇ. ಎರಡು ವರ್ಷದ ಹಿಂದೆ ಅವರ ಮನೆಯಲ್ಲೂ ನಲ್ಲಿ ಹೀಗೇ ಕೆಮ್ಮುತ್ತಿತ್ತು ಅನ್ನುವುದು ನೆನಪಿತ್ತು.

‘ನಿಮ್ಮದು ಹಳೇ ತಗಡಿನ ಟ್ಯಾಂಕಾ, ಹೊಸದಾ?’ ಅಂತ ಭಾವ ಮೊದಲು ಕೇಳಿದರು.

ಅವರ ಕಥೆ ಹೀಗೆ. ಹಿಂದಿನ ಕಾಲದ ಟ್ಯಾಂಕಿನಲ್ಲಿ ರಬ್ಬರ್ ಚೀಲ ಇರುತ್ತಿರಲಿಲ್ಲ. ನೀರಿನ ಮೇಲೆ ಗಾಳಿ ನೇರವಾಗಿ ಕೂತಿರುತ್ತಿತ್ತು. ಆ ಗಾಳಿ ದಿನದಿನಕ್ಕೆ ನೀರಿನಲ್ಲಿ ಕರಗಿ ಕಡಿಮೆಯಾಗುತ್ತದೆ, ಕಡಿಮೆಯಾದರೆ ಪಂಪು ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲತೊಡಗುತ್ತದೆ. ಅದಕ್ಕೆ ಆಗಿನವರು ಒಂದು ಉಪಾಯ ಮಾಡಿದ್ದರು. ಬಾವಿಯೊಳಗಿನ ಪೈಪಿಗೆ, ನೆಲದಿಂದ ಕೆಲವು ಅಡಿ ಕೆಳಗೆ, ಬೇಕೆಂದೇ ಒಂದು ಸಣ್ಣ ರಂಧ್ರದ ವಾಲ್ವು. ಪಂಪು ನಿಂತಾಗ ಅದರ ಮೂಲಕ ಒಂದಷ್ಟು ನೀರು ಬಾವಿಗೆ ಸೋರಿ ಆ ಜಾಗಕ್ಕೆ ಗಾಳಿ ಬರುತ್ತದೆ, ಪಂಪು ಶುರುವಾದಾಗ ಆ ಗಾಳಿ ಟ್ಯಾಂಕಿಗೆ ಸೇರುತ್ತದೆ. ಹೆಚ್ಚಾದ ಗಾಳಿಯನ್ನು ಹೊರಗೆ ಬಿಡಲು ಟ್ಯಾಂಕಿನ ಪಕ್ಕೆಯಲ್ಲಿ ಇನ್ನೊಂದು ವಾಲ್ವು. ಒಳ್ಳೆ ಯೋಚನೆ, ಎರಡೂ ಒಟ್ಟಿಗಿದ್ದರೆ. ಭಾವನ ಮನೆಯನ್ನು ಮಾರಿದವರು ತುಕ್ಕು ಹಿಡಿದ ಟ್ಯಾಂಕು ತೆಗೆಸಿ ರಬ್ಬರ್ ಚೀಲದ ಹೊಸ ಟ್ಯಾಂಕು ಹಾಕಿಸಿದ್ದರು. ಬಾವಿಯೊಳಗಿನ ರಂಧ್ರವನ್ನು ಮುಚ್ಚಿಸಿರಲಿಲ್ಲ. ಗಾಳಿ ತರುವ ದಾರಿ ಉಳಿಯಿತು, ಗಾಳಿ ಬಿಡುವ ದಾರಿ ಹೋಯಿತು. ಪಂಪು ಶುರುವಾದಾಗಲೆಲ್ಲ ಗಾಳಿ ಸೀದಾ ಬಚ್ಚಲಿಗೆ.

‘ಎರಡು ಸಲ ಟ್ಯಾಂಕು, ಒಂದು ಸಲ ಪಂಪು ಬದಲಾಯಿಸಿದ ಮೇಲೆ ಗೊತ್ತಾಯ್ತು ನೋಡು. ಹಳೇ ಮನೆ ತಗೊಂಡೋರು ಇದನ್ನ ಮೊದಲು ನೋಡಬೇಕು,’ ಅಂದರು ಭಾವ. ಅವರ ಈ ಮಾತನ್ನು ನಾನು ಈಗ ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಹ್ಯೂಸ್ಟನ್ ಸುದ್ದಿ ಬಂದಾಗ ಭಾವ ನೆಲ ಕುಸಿದ ಕಥೆಯನ್ನೂ ಹೇಳದೆ ಬಿಡುವುದಿಲ್ಲ. ಅಲ್ಲಿನ ನೆಲದಡಿ ಮರಳು ಮತ್ತು ಜೇಡಿಯ ಪದರಗಳು. ನೀರು ಎಳೆದಂತೆಲ್ಲ ಜೇಡಿ ಒತ್ತಿಕೊಂಡು ನೆಲ ಕೂರುತ್ತದೆ, ಮತ್ತೆ ಏಳುವುದಿಲ್ಲ. ಬೇಟೌನಿನ ಬ್ರೌನ್‌ವುಡ್ ಬಡಾವಣೆ ಹೀಗೆ ಸುಮಾರು ಹತ್ತು ಅಡಿ ಕುಸಿಯಿತು. 1983ರಲ್ಲಿ ಅಲಿಸಿಯಾ ಚಂಡಮಾರುತ ಬಂದು ಉಳಿದದ್ದನ್ನೂ ಮುಗಿಸಿತು. ಜನ ವಾಸವಿದ್ದ ಆ ಜಾಗ ಈಗ ಹಕ್ಕಿ ನೋಡುವವರು ಹೋಗುವ ತಾಣ. ನೆಲ ಕುಸಿಯುವುದನ್ನು ತಡೆಯಲೆಂದೇ 1975ರಲ್ಲಿ ಹ್ಯಾರಿಸ್ ಗ್ಯಾಲ್ವೆಸ್ಟನ್ ಜಿಲ್ಲಾ ಮಂಡಳಿಯನ್ನು ಮಾಡಿದರು, ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ನೆಲ ಕೂತು ಬಾವಿಯ ಕೇಸಿಂಗ್ ಪೈಪು ಅಲ್ಲೇ ನಿಂತರೆ, ಪೈಪೇ ಮೇಲೆದ್ದು ಬಂದ ಹಾಗೆ ಕಾಣುತ್ತದಂತೆ.

ಡಲ್ಲಾಸ್ ಕಡೆ ಇರುವ ಗೆಳತಿಯ ಮಾತು ಇನ್ನೊಂದು ಬಗೆ. ಅವಳ ಮನೆ ಫೋರ್ಟ್‌ವರ್ತ್ ದಾಟಿ ಪಾರ್ಕರ್ ಕೌಂಟಿಯ ವೆದರ್‌ಫರ್ಡ್ ಹತ್ತಿರ. ಅವಳು ನನ್ನನ್ನು ಕೇಳಿದ್ದು ಯಾವಾಗ ಅಂತಲ್ಲ, ಎಂಥ ಗಾಳಿ ಅಂತ. ‘ಗಾಜಿನ ಲೋಟದಲ್ಲಿ ನೀರು ಹಿಡಿದು ನೋಡು. ಹಾಲಿನ ಹಾಗೆ ಬೆಳ್ಳಗಿದ್ದು, ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ನೀರಲ್ಲೇ ಕರಗಿದ್ದ ಗಾಳಿ. ನೆಲದಿಂದಲೇ ಬಂದಿರಬಹುದು.’

ನೆಲದಾಳದಲ್ಲಿ ಒತ್ತಡಕ್ಕೆ ಸಿಕ್ಕಿ ನೀರಿನಲ್ಲಿ ಕರಗಿರುವ ಅನಿಲ, ಮೇಲೆ ಬಂದು ಒತ್ತಡ ಸಡಿಲವಾದ ಕೂಡಲೇ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯೇಳುತ್ತದೆ. ಬರೀ ಗಾಳಿಯೋ ಇಂಗಾಲದ ಡೈಆಕ್ಸೈಡೋ ಆದರೆ ಅಷ್ಟು ಭಯವಿಲ್ಲ. ಮೀಥೇನ್ ಆದರೆ ಭಯಪಡಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಪಂಪಿನ ಕೋಣೆಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಒಂದು ಲೀಟರಿಗೆ 10 ಮಿಲಿಗ್ರಾಮ್ ಒಳಗಿದ್ದರೆ ಚಿಂತೆಯಿಲ್ಲ, ಅದು ದಾಟಿದರೆ ಎಚ್ಚರ, 28 ದಾಟಿದರೆ ತಕ್ಷಣ ಕ್ರಮ ಎನ್ನುವುದು ಅಮೆರಿಕದ ಒಳಾಡಳಿತ ಇಲಾಖೆಯವರು ಕೊಟ್ಟ ಲೆಕ್ಕ. ಅಳೆಯಬೇಕಾದದ್ದು ಪ್ರಯೋಗಾಲಯದಲ್ಲಿ. ನಲ್ಲಿಯ ಬಾಯಿಗೆ ಬೆಂಕಿಕಡ್ಡಿ ಹಿಡಿದು ನೋಡುವ ಹುಚ್ಚಾಟವನ್ನು ದಯವಿಟ್ಟು ಯಾರೂ ಮಾಡಬೇಡಿ.

ಅವಳ ಕೌಂಟಿಯಲ್ಲಿ ಈ ವಿಷಯ ದೊಡ್ಡ ಗಲಾಟೆಯೇ ಆಗಿತ್ತು. ಅಲ್ಲಿ ಬಾರ್ನೆಟ್ ಶೇಲ್ ಎಂಬ ಕಲ್ಲಿನ ಪದರದಿಂದ ಅನಿಲ ತೆಗೆಯುತ್ತಾರೆ. ಮನೆ ಬಾವಿಯಲ್ಲಿ ಮೀಥೇನ್ ಬಂದದ್ದಕ್ಕೆ ಒಂದು ಕೊರೆಯುವ ಕಂಪನಿಯೇ ಕಾರಣವೆಂದು 2010ರ ಡಿಸೆಂಬರಿನಲ್ಲಿ ಕೇಂದ್ರದ ಪರಿಸರ ಸಂಸ್ಥೆ ತುರ್ತು ಆದೇಶ ಹೊರಡಿಸಿತು. 2011ರ ಮಾರ್ಚಿನಲ್ಲಿ ರಾಜ್ಯದ ರೈಲ್‌ರೋಡ್ ಕಮಿಷನ್ ಕಂಪನಿಯದು ತಪ್ಪಿಲ್ಲ ಅಂದಿತು. (ಹೆಸರು ರೈಲಿನದು, ತೈಲ ಮತ್ತು ಅನಿಲದ ಉಸ್ತುವಾರಿ ಅದರ ಕೆಲಸ.) 2012ರಲ್ಲಿ ಪರಿಸರ ಸಂಸ್ಥೆಯೂ ಆದೇಶವನ್ನು ಹಿಂದಕ್ಕೆ ಪಡೆಯಿತು. ‘ಯಾರು ಸರಿ ಅಂತ ದೊಡ್ಡವರು ಜಗಳ ಆಡ್ಕೊಳ್ಲಿ, ನಾನಂತೂ ವರ್ಷಕ್ಕೊಮ್ಮೆ ನೀರು ಪರೀಕ್ಷೆಗೆ ಕಳಿಸ್ತೀನಿ,’ ಅನ್ನುವುದು ಅವಳ ತೀರ್ಮಾನ. ನನ್ನದೂ ಅದೇ.

ಲೋಟ ಹಿಡಿದು ನೋಡಿದೆ, ನಮ್ಮ ನೀರು ತಿಳಿಯಾಗಿಯೇ ಇತ್ತು. ಕೊಳೆತ ಮೊಟ್ಟೆ ವಾಸನೆ ಇಲ್ಲ. ಬಿಸಿನೀರಿನ ನಲ್ಲಿಯೊಂದೇ ಕೆಮ್ಮಿದರೆ ದೋಷ ಗೀಸರಿನಲ್ಲಿರಬಹುದು, ನಮ್ಮಲ್ಲಿ ತಣ್ಣೀರೂ ಕೆಮ್ಮುತ್ತಿತ್ತು. (ಎರಡು ವಾರ ಊರಿಗೆ ಹೋಗಿ ಬಂದವರು ಒಂದನ್ನು ನೆನಪಿಡಬೇಕು: ಬಳಸದೆ ನಿಂತ ಗೀಸರಿನಲ್ಲಿ ಹೈಡ್ರೋಜನ್ ತುಂಬಿರುವುದುಂಟು. ಬೆಂಕಿ ಹಚ್ಚದೆ, ಬೇರೆ ವಿದ್ಯುತ್ ಯಂತ್ರ ಶುರು ಮಾಡದೆ, ಮೊದಲು ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಬಿಟ್ಟು ನಿಲ್ಲಬೇಕು.) ಟ್ಯಾಂಕಿನ ನೆತ್ತಿಯಲ್ಲಿ ಸೈಕಲ್ ಚಕ್ರಕ್ಕಿರುವಂಥ ಗಾಳಿಯ ವಾಲ್ವಿದೆ. ಅದರ ಪಿನ್ನು ಒತ್ತಿದೆ. ಒಣ ಗಾಳಿ ಬಂತು. ನೀರು ಬಂದಿದ್ದರೆ ಚೀಲ ಹರಿದಿದೆ ಅಂತ. ಆಮೇಲೆ ಪಂಪಿನ ಸ್ವಿಚ್ಚು ಆರಿಸಿ, ಮನೆಯ ಕಡೆಗಿನ ವಾಲ್ವು ಮುಚ್ಚಿ, ಒತ್ತಡದ ಮೀಟರಿನ ಮುಂದೆ ಅರ್ಧ ಗಂಟೆ ಕೂತೆ. ಮುಳ್ಳು ಅಲ್ಲಾಡಲಿಲ್ಲ. ಟ್ಯಾಂಕಿನ ನೀರು ಬಾವಿಗೆ ವಾಪಸು ಹೋಗುತ್ತಿಲ್ಲ, ನೀರನ್ನು ಹಿಂದಕ್ಕೆ ಬಿಡದ ವಾಲ್ವು, ಅಂದರೆ ಎನ್‌ಆರ್‌ವಿ ಚೆನ್ನಾಗಿದೆ, ಹಾಗಾದರೆ ಬಾವಿಯೊಳಗೆ ದೋಷವಿಲ್ಲ ಎಂದುಕೊಂಡೆ. ಈ ಕೊನೆಯ ಮಾತು ತಪ್ಪಾಗಿತ್ತು.

ತಪ್ಪನ್ನು ಹಿಡಿದವರು ಗೌಡ್ರು, ಅದೂ ಕಿವಿಯಿಂದ. ಒಂದು ಸಂಜೆ ಬೇಲಿಯ ಗೇಟು ತೆಗೆದು ಬಂದು, ಕೇಸಿಂಗ್ ಪೈಪಿನ ಮುಚ್ಚಳದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಬ್ಬಿಣಕ್ಕೆ ಕಿವಿಯಿಟ್ಟರು. ‘ಎಲ್ಲಾ ನಲ್ಲೀನೂ ಬಿಡಮ್ಮ, ಮೋಟ್ರು ಓಡ್ಲಿ.’ ಮೋಟರು ಶುರುವಾಯಿತು. ಅವರು ಕೈಯೆತ್ತಿ ನನ್ನನ್ನು ಕರೆದರು. ನಾನೂ ಕಿವಿಯಿಟ್ಟೆ. ಒಳಗೆ ಸೋನೆ ಮಳೆಯಂಥ ಸದ್ದು, ಹಂಚಿನ ಮೇಲಲ್ಲ, ಆಳದ ಕಲ್ಲಿನ ಮೇಲೆ.

‘ಈಗ ನಿಲ್ಸು.’ ನಿಲ್ಲಿಸಿದೆ. ಮಳೆ ಸ್ವಲ್ಪ ಹೊತ್ತು ಸುರಿದು, ತೆಳ್ಳಗಾಗಿ, ನಿಂತಿತು.

‘ಕಲ್ಲಿನ ಸಂದಿಯಿಂದ ಬೀಳೋ ಝರಿಯಾಗಿದ್ರೆ ಮೋಟ್ರು ನಿಂತ್ರೂ ಬೀಳ್ತಿತ್ತು. ಇದು ನಿಂತೋಯ್ತು. ಪೈಪು ತೂತು ಕಣಮ್ಮ.’

ಎಲ್ಲವೂ ಜೋಡಣೆಯಾಗಿಬಿಟ್ಟಿತು. ಬಾವಿಯ ನೀರಿನ ಮಟ್ಟಕ್ಕಿಂತ ಮೇಲೆಲ್ಲೋ ಪೈಪಿನಲ್ಲಿ ತೂತು. ಪಂಪು ಓಡುವಾಗ ಅಲ್ಲಿಂದ ನೀರು ಹೊರಗೆ ಸಿಡಿಯುತ್ತದೆ. ಪಂಪು ನಿಂತಾಗ ತೂತಿನ ಮೇಲ್ಭಾಗದ ನೀರೆಲ್ಲ ಅದೇ ದಾರಿಯಲ್ಲಿ ಬಾವಿಗೆ ಸೋರಿ, ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಮತ್ತೆ ಪಂಪು ಶುರುವಾದಾಗ ಖಾಲಿ ಪೈಪಿನಲ್ಲಿ ನೀರು ಓಡಿ ಬಂದು ಅಪ್ಪಳಿಸುತ್ತದೆ, ಅದೇ ಆ ‘ಧಡ್’. ಅದರ ಮುಂದೆ ಗಾಳಿ. ರಾತ್ರಿಯಿಡೀ ಸೋರಲು ಸಮಯ ಸಿಗುವುದರಿಂದ ಬೆಳಗಿನ ಕೆಮ್ಮು ಎಲ್ಲಕ್ಕಿಂತ ಜೋರು. ಮೀಟರಿನ ಮುಳ್ಳು ಏಕೆ ಇಳಿಯಲಿಲ್ಲ? ಟ್ಯಾಂಕಿನ ಪಕ್ಕದಲ್ಲೇ ಇನ್ನೊಂದು ಎನ್‌ಆರ್‌ವಿ ಇತ್ತು. ಅದು ಟ್ಯಾಂಕಿನ ನೀರನ್ನು ಹಿಡಿದಿಟ್ಟುಕೊಂಡಿತ್ತು, ಅದರಾಚೆಯ ಸೋರಿಕೆಯನ್ನು ನನ್ನಿಂದ ಮುಚ್ಚಿಟ್ಟಿತ್ತು.

ಬೇರೆ ಪಂಪಿನವರನ್ನು ಕರೆಸಿದೆವು. ಲಾರಿಯ ಮೇಲಿನ ರಾಟೆಯಿಂದ ಪೈಪು ಎತ್ತಿದರು. ಇಪ್ಪತ್ತು ಅಡಿಯ ಇಪ್ಪತ್ತೊಂದು ತುಂಡು. ಗೌಡ್ರು ಒಂದೊಂದನ್ನೂ ಎಣಿಸುತ್ತಾ ನಿಂತಿದ್ದರು. ಮೇಲಿನಿಂದ ಮೂರನೆಯ ತುಂಡಿನ ಕೆಳತುದಿಯ ತಿರುಪಿನಲ್ಲಿ ಕೂದಲೆಳೆಯಂಥ ಬಿರುಕು. ಅರುವತ್ತು ಅಡಿ, ಒಂದಿಂಚಿನ ಪೈಪು. ಪ್ರತಿ ಸಲವೂ ಎರಡು ಗ್ಯಾಲನ್ನಿಗೂ ಹೆಚ್ಚು ಗಾಳಿ ಒಳಗೆ ಬರಲು ಅಷ್ಟು ಸಾಕಾಗಿತ್ತು. ಪಂಪು ಗಟ್ಟಿಮುಟ್ಟಾಗಿತ್ತು, ಅದನ್ನೇ ಮತ್ತೆ ಇಳಿಸಿದರು. ಬಾವಿ ತೆರೆದ ಮೇಲೆ ಕ್ಲೋರಿನ್ ಹಾಕಿ ತೊಳೆದು, ವಾಸನೆ ಹೋದ ಮೇಲೆ ನೀರನ್ನು ಕ್ರಿಮಿ ಪರೀಕ್ಷೆಗೆ ಕಳಿಸಿದೆವು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬಾರದು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪೈಪು ಹೊರಗಿದ್ದಾಗ ಗೌಡ್ರು ಮಗನಿಂದ ಇಂಗ್ಲಿಷಿನಲ್ಲಿ ಕೇಳಿಸಿದರು: ನೀರು ಎಷ್ಟು ಅಡಿಯಲ್ಲಿದೆ? ಅವರು ಅಳತೆ ಹಾಕಿದರು. 335 ಅಡಿ. ನಾನು ಮನೆಗೆ ಓಡಿ ಬಾವಿ ಕೊರೆದಾಗಿನ ವರದಿ ತಂದೆ. ಟೆಕ್ಸಾಸಿನಲ್ಲಿ ಬಾವಿ ಕೊರೆದವರು ಸರ್ಕಾರಕ್ಕೆ ವರದಿ ಕೊಡಲೇಬೇಕು. ಎಷ್ಟು ಅಡಿಗೆ ಯಾವ ಕಲ್ಲು, ಕೇಸಿಂಗ್ ಎಲ್ಲಿಯವರೆಗೆ, ನೀರು ಎಲ್ಲಿ ನಿಂತಿದೆ ಎಲ್ಲವೂ ಅದರಲ್ಲಿರುತ್ತದೆ. ಈಚಿನ ವರ್ಷಗಳ ವರದಿಗಳು ಟೆಕ್ಸಾಸ್ ವಾಟರ್ ಡೆವಲಪ್‌ಮೆಂಟ್ ಬೋರ್ಡಿನ ಜಾಲತಾಣದಲ್ಲೇ ಸಿಗುತ್ತವೆ. ನಮ್ಮದು 2006ರದ್ದು. ಆಗ ನೀರು 290 ಅಡಿಯಲ್ಲಿತ್ತು.

ಗೌಡ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. ‘ನಲವತ್ತೈದು ಅಡಿ ಇಳಿದದೆ.’ ಮತ್ತೇನೂ ಹೇಳಲಿಲ್ಲ. ಅವರ ಮೊದಲ ದಿನದ ಭಯ ಆ ಬೆಳಗಿನ ಗಾಳಿಯ ಮಟ್ಟಿಗೆ ಸುಳ್ಳಾಗಿತ್ತು, ಬಾವಿಯ ಮಟ್ಟಿಗೆ ಪೂರ್ತಿ ಸುಳ್ಳಾಗಿರಲಿಲ್ಲ.

ನಮ್ಮ ಕಾಲಡಿಯ ನೀರು ಟ್ರಿನಿಟಿ ಎಂಬ ಜಲಪದರದ್ದು. ಇಲ್ಲಿಂದ ಅರ್ಧ ಗಂಟೆಯ ದಾರಿ, ವಿಂಬರ್ಲಿ ಊರಿನಲ್ಲಿ ಜೇಕಬ್ಸ್ ವೆಲ್ ಅನ್ನುವ ಒರತೆ ಇದೆ. ಹೊಳೆಯ ತಳದಲ್ಲೇ ಬಾಯಿ ತೆರೆದ, ಸುಮಾರು 140 ಅಡಿ ಆಳಕ್ಕಿಳಿಯುವ ಸುಣ್ಣಕಲ್ಲಿನ ಗುಹೆ. ಅದಕ್ಕೂ ಇದೇ ಟ್ರಿನಿಟಿಯ ನೀರು. ಜನರಿಗೆ ನೆನಪಿರುವ ಮಟ್ಟಿಗೆ ಎಂದೂ ನಿಲ್ಲದ ಅದರ ಹರಿವು 2000ದಲ್ಲಿ ಮೊದಲ ಸಲ ನಿಂತಿತು. ಆಮೇಲೂ ಬರ ಬಂದಾಗ ನಿಂತಿದೆ. 2022ರ ಬೇಸಿಗೆಯಲ್ಲಿ ಅಲ್ಲಿ ಈಜುವುದನ್ನೇ ನಿಲ್ಲಿಸಿದರು. ಮಕ್ಕಳು ಚಿಕ್ಕವರಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗೌಡ್ರನ್ನು ಕರೆದೊಯ್ದ ದಿನ ನೀರು ಅಲ್ಲಾಡದೆ ನಿಂತಿತ್ತು. ದಡದಲ್ಲಿ ಕೂತು, ‘ನಮ್ಮೂರ ಕಲ್ಯಾಣಿನೂ ಹಿಂಗೇ ಆಯ್ತು ಮೊದಲು,’ ಅಂದರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದರು, ‘ಇಲ್ಲಿ ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಎಳೀಬೋದಾ?’

ಉತ್ತರಕ್ಕೆ ಬದಲು ನಾನೊಂದು ಹಳೇ ಕಥೆ ಹೇಳಿದೆ. ಡಲ್ಲಾಸಿನ ಉತ್ತರಕ್ಕೆ ಡೆನಿಸನ್ ಅಂತ ಊರು. ಅಲ್ಲಿ 1901ರಲ್ಲಿ ರೈಲು ಕಂಪನಿಯೊಂದು 66 ಅಡಿ ಆಳದ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್ ಎಳೆಯತೊಡಗಿತು. ಪಕ್ಕದ ಈಸ್ಟ್ ಎಂಬವರ 33 ಅಡಿಯ ಮನೆ ಬಾವಿ ಬತ್ತಿತು. ಅವರು ಕೋರ್ಟಿಗೆ ಹೋದರು. 1904ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು, ತನ್ನ ನೆಲದಡಿಯ ನೀರನ್ನು ಎಳೆಯುವ ಹಕ್ಕು ನೆಲದ ಒಡೆಯನಿಗಿದೆ, ನೆರೆಯವನಿಗೆ ಪರಿಹಾರವಿಲ್ಲ ಅಂದಿತು. ಆ ತೀರ್ಪಿಗೆ ಆಧಾರ 1843ರ ಒಂದು ಇಂಗ್ಲಿಷ್ ತೀರ್ಪು. ಅದೇ ಇಂಗ್ಲಿಷ್ ವಿಚಾರವೇ ನಮ್ಮ 1882ರ ಈಸ್‌ಮೆಂಟ್ಸ್ ಕಾಯಿದೆಯೊಳಗೂ ಬಂದು ಕೂತಿದೆ. ಗೌಡ್ರ ಏಳು ಬೋರುಗಳೂ ನಮ್ಮ ಒಂದು ಬೋರೂ ಒಂದೇ ಹಳೆಯ ನಂಬಿಕೆಯ ಮೇಲೆ ಕೊರೆದವು. ಈಗ ಇಲ್ಲಿ ಹಲವು ಕಡೆ ಅಂತರ್ಜಲ ಮಂಡಳಿಗಳಿವೆ, ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯಿದೆಯಿದೆ. ಆದರೂ ಮನೆ ಬಳಕೆಯ ಬಾವಿಯೊಳಗೆ ಏನಾಗುತ್ತಿದೆ ಅಂತ ನೋಡುವವರು ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಬಾವಿಯ ಹೊಣೆ ನಮ್ಮದೇ ಅನ್ನುವುದು 2021ರ ಫೆಬ್ರವರಿಯ ಹಿಮಗಾಳಿಯಲ್ಲೇ ಚೆನ್ನಾಗಿ ಅರಿವಾಗಿತ್ತು. ಲಕ್ಷಾಂತರ ಮನೆಗಳಿಗೆ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಬಾವಿ ಇದ್ದೂ ಇಲ್ಲ. ಹಿಮ ಕರಗಿಸಿ ಪಾತ್ರೆ ತೊಳೆದೆವು. ಕರೆಂಟು ಬಂದ ದಿನ ಎಲ್ಲ ನಲ್ಲಿಗಳೂ ಗಾಳಿ ಕಕ್ಕಿದವು. ಖಾಲಿಯಾದ ಪೈಪಿಗೆ ನೀರು ಬರುವಾಗ ಅದು ಸಹಜ. ಅಂಥ ಹೊತ್ತಿನಲ್ಲಿ ಹೊರಗಿನ, ಎಲ್ಲಕ್ಕಿಂತ ತಗ್ಗಿನ ನಲ್ಲಿಯನ್ನು ಮೊದಲು ಮೆಲ್ಲಗೆ ಬಿಡಬೇಕು. ಕರೆಂಟಿನ ಗೀಸರು ಪೂರ್ತಿ ತುಂಬಿದೆ ಅಂತ ಖಾತ್ರಿಯಾಗುವ ತನಕ ಅದರ ಸ್ವಿಚ್ಚು ಹಾಕಬಾರದು, ನೀರಿಲ್ಲದೆ ಕಾಯ್ದ ಕಾಯಿಲ್ ಸುಟ್ಟುಹೋಗುತ್ತದೆ.

ಹೋದ ಬೇಸಿಗೆಯಲ್ಲಿ ಪೈಪು ಸರಿಯಾದ ಮೇಲೆ ಎರಡು ಕೆಲಸ ಮಾಡಿದೆವು. ನೀರು ತೀರಾ ಇಳಿದರೆ ಮೋಟರನ್ನು ತಾನಾಗಿ ನಿಲ್ಲಿಸುವ ಸಾಧನ ಹಾಕಿಸಿದೆವು. ಇನ್ನೊಂದು ಗೌಡ್ರ ಹಟ. ‘ಸೂರಿನ ನೀರು ಸುಮ್ಮನೆ ಹರಿದು ಹೋಯ್ತದಲ್ಲಮ್ಮ.’ ಆಸ್ಟಿನ್ ಸುತ್ತಮುತ್ತ ವರ್ಷಕ್ಕೆ ಸುಮಾರು 35 ಇಂಚು ಮಳೆ, ಅವರ ಕೋಲಾರ ಸೀಮೆಗಿಂತ ಹೆಚ್ಚೇ. ಸಾವಿರ ಚದರಡಿ ಸೂರಿನ ಮೇಲೆ ಒಂದಿಂಚು ಮಳೆ ಬಿದ್ದರೆ 620 ಗ್ಯಾಲನ್ ನೀರು. ಈ ಗುಡ್ಡಗಳಲ್ಲಿ ಬರೀ ಮಳೆನೀರಿನಲ್ಲೇ ಬದುಕುವ ಮನೆಗಳು ಬೇಕಾದಷ್ಟಿವೆ. ಮಳೆಕೊಯ್ಲಿನ ಸಾಮಾನಿಗೆ ರಾಜ್ಯ ಮಾರಾಟ ತೆರಿಗೆಯನ್ನೂ ತೆಗೆದಿದೆ. ಈಗ ನಮ್ಮ ಗಿಡಗಳಿಗೆ ಹೋಗುವುದು ಸೂರಿನ ನೀರು.

ಗೌಡ್ರು ಅಕ್ಟೋಬರಿನಲ್ಲಿ ಊರಿಗೆ ಹೋದರು. ಹೊರಡುವ ಹಿಂದಿನ ದಿನ ಪಂಪಿನ ಕೋಣೆಗೆ ಬಂದು, ಬಾಗಿಲಿನ ಒಳಬದಿಗೆ ನನ್ನಿಂದ ಒಂದು ಚೀಟಿ ಅಂಟಿಸಿದರು. ಬಾವಿ ಆಳ 460. ಪಂಪು 420. ನೀರು 2006ರಲ್ಲಿ 290, ಈಗ 335. ಕೆಳಗೆ ಜಾಗ ಖಾಲಿ ಬಿಡಲು ಹೇಳಿದರು, ಪ್ರತಿ ಬೇಸಿಗೆಯಲ್ಲೂ ಅಳೆದು ಬರೆಯಲಿಕ್ಕೆ.

ಊರಾಚೆ ಬಾವಿ ಇರುವ ಮನೆ ಕೊಂಡ ಕನ್ನಡದವರು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಹೆಚ್ಚುತ್ತಿದ್ದಾರೆ. ನಿಮ್ಮ ನಲ್ಲಿ ಕೆಮ್ಮಿದರೆ ಯಾರಿಗೂ ಚೆಕ್ಕು ಬರೆಯುವ ಮುಂಚೆ ಒಂದು ವಾರ ಗಾಳಿ ಬಂದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಕೆಮ್ಮದಿದ್ದರೂ ಬಾವಿಯ ವರದಿಯನ್ನು ಈ ವಾರವೇ ಹುಡುಕಿ, ಈಗಿನ ನೀರಿನ ಮಟ್ಟ ಅಳೆಸಿ, ಗೌಡ್ರ ಚೀಟಿಯಲ್ಲಿದ್ದಂಥ ನಾಲ್ಕು ಅಂಕಿಗಳನ್ನು ಪಂಪಿನ ಕೋಣೆಯಲ್ಲಿ ಬರೆದು ಅಂಟಿಸಿ.